ರಿಮೋಟಿನ ಕೊನೆಯ ಗುಂಡಿ

ಚಂದ್ರಾಮಪ್ಪನವರು ಯಾವ ಮಾತನ್ನೂ ಒಂದೇ ಸಲಕ್ಕೆ ಒಪ್ಪಿಕೊಂಡವರಲ್ಲ. "ಇನ್ನೊಮ್ಮಿ ಹೇಳ್ರಿ" ಎನ್ನುವರು. ಚಹಾ ಬೇಕೇ ಎಂದರೂ ಅದೇ, ಯಾರೋ ತೀರಿಕೊಂಡರು ಎಂದರೂ ಅದೇ. ಭೀಮರಾಯನಗುಡಿಯ ನೀರಾವರಿ ಕ್ಯಾಂಪಿನ ಅರ್ಧ ಜನ ಅವರನ್ನು ಕಿವುಡರೆಂದೇ ತಿಳಿದಿದ್ದರು. ಕಾಲುವೆಯ ವೈರ್‌ಲೆಸ್ ಕೋಣೆಯಲ್ಲಿ ಇಪ್ಪತ್ತು ವರ್ಷ ಕೂತು, ಯಾವ ಗೇಟಿನಲ್ಲಿ ಎಷ್ಟು ನೀರು ಎಂಬುದನ್ನು ಎರಡು ಸಲ ಕೇಳಿಸಿಕೊಂಡ ಹೊರತು ಬರೆದುಕೊಳ್ಳದ ಶಿಸ್ತು ಅವರ ಮೈಗೆ ಹತ್ತಿಹೋಗಿತ್ತು. ಬಿರುಬೇಸಿಗೆಯಲ್ಲೂ ಬಿಚ್ಚದ ಖಾಕಿ ಕೋಟು, ಅದರ ಜೇಬಿನಲ್ಲಿ ಬೆಸುಗೆ ತಂತಿಯ ಸುರುಳಿ, ಎದುರಿಗೆ ಬಂದವರನ್ನು ಗುರುತಿಸದೆ ನೆಲ ನೋಡುತ್ತ ಸಾಗುವ ನಡಿಗೆ. ಗುಲಬರ್ಗಾದಿಂದ ಬಿಡಿಬಿಡಿಯಾಗಿ ತಂದು ಜೋಡಿಸಿದ ಕಂಪ್ಯೂಟರೊಂದು ಅವರ ಮನೆಯ ದೇವರ ಗೂಡಿನ ಪಕ್ಕದಲ್ಲೇ ಇತ್ತು. ಪಕ್ಕದ ಮನೆಯವನಾದ ನನಗೆ ಅದರ ಗುಂಯ್‌ಗುಡುವಿಕೆ ಚೆನ್ನಾಗಿ ಪರಿಚಯ.

ಆ ವರ್ಷ ಬೋನಾಳದ ಕಡೆಯ ಕವಲು ಕಾಲುವೆಯಲ್ಲಿ ನೀರಿನ ಮಟ್ಟ ನೋಡುವ ಹುಲಗಪ್ಪನ ಮೇಲೆ ನೀರು ಕಳವಿನ ಆಪಾದನೆ ಬಂತು. ಮೇಲಿನಿಂದ ಬಿಟ್ಟ ನೀರಿಗಿಂತ ಅವನ ಗೇಟಿನ ಹೊಸ ಮೀಟರು ಕಡಿಮೆ ತೋರಿಸುತ್ತಿತ್ತು. ಕಾಲುವೆಯ ಗೋಡೆಯ ಮೇಲೆ ಬರೆದ ಅಳತೆಪಟ್ಟಿ ಸರಿಯಾಗಿಯೇ ತೋರಿಸುತ್ತಿದ್ದರೂ, ಆ ಅಂಕಿಗಳನ್ನು ಇವನೇ ತಿದ್ದಿದ್ದಾನೆ ಎಂದರು. ನಾನು ಹೇಳಹೊರಟ ದಿನ ಸಂಜೆ ಐದಕ್ಕೆ ಅವನನ್ನು ತೆಗೆದುಹಾಕುವ ಕಾಗದ ಮೇಲಕ್ಕೆ ಹೋಗಬೇಕಿತ್ತು. ಮೇಲಿನಿಂದ ನೀರಿಗಿರುವ ದೂರ ಅಳೆಯುವ ಮೀಟರನ್ನು ಕಾಲುವೆ ದುರಸ್ತಿಯಲ್ಲಿ ಒಂದು ಗೇಣು ಮೇಲೆ ಏರಿಸಿ ಕೂಡಿಸಿದ್ದಾರೆ, ಒಳಗಿನ ಲೆಕ್ಕ ಮಾತ್ರ ಹಳೆಯದೇ ಉಳಿದಿದೆ ಎಂದು ಚಂದ್ರಾಮಪ್ಪನವರಿಗೆ ಖಾತ್ರಿಯಾಗಿತ್ತು. ಆ ಲೆಕ್ಕ ತಿದ್ದಲು ರಿಮೋಟು ಬೇಕು. ಇಲಾಖೆಯ ರಿಮೋಟು ಎಂದೋ ಕಾಲುವೆಗೆ ಬಿದ್ದು ನೀರು ಕುಡಿದಿತ್ತು.

ಅಂಥದೇ ಇನ್ನೊಂದು, ಮೀಟರಿನ ಕಂಪನಿಯಿಂದ ಬಂದಿದ್ದ ಮೆಕ್ಯಾನಿಕ್ ಅಮೀನಸಾಬನ ಚೀಲದಲ್ಲಿತ್ತು. ಕಂಪನಿಯ ಅಪ್ಪಣೆಯಿಲ್ಲದೆ ಗೇಟಿನವರೆಗೆ ಬರಲಾರೆ, ಹೈದರಾಬಾದಿನ ಬಸ್ಸಿಗೆ ಇನ್ನು ಅರ್ಧ ತಾಸಿದೆ, ಅಷ್ಟರೊಳಗೆ ಏನು ಬೇಕಾದರೂ ಮಾಡಿಕೊಳ್ಳಿ ಎಂದ. ಚಂದ್ರಾಮಪ್ಪನವರು ಅವನನ್ನು ಮನೆಗೆ ಕರೆತಂದು, ರಿಮೋಟಿನ ಸಂಕೇತಗಳನ್ನು ಕಂಪ್ಯೂಟರಿಗೆ ಇಳಿಸಿಕೊಳ್ಳಲು ಕೂತರು. ರಿಮೋಟಿನ ಬೆಳಕು ನಮ್ಮ ಕಣ್ಣಿಗೆ ಕಾಣುವಂಥದ್ದಲ್ಲ. ಹಳೆಯ ಟಿ.ವಿ.ಯಿಂದ ಕಿತ್ತ ರಿಸೀವರನ್ನು ಕಂಪ್ಯೂಟರಿನ ಮೈಕಿನ ತೂತಿಗೆ ಜೋಡಿಸಿ ಗುಂಡಿ ಒತ್ತಿದರೆ, ಅದು ಪರದೆಯ ಮೇಲೆ ಉದ್ದ ಬಿಡುವು, ಗಿಡ್ಡ ಬಿಡುವುಗಳ ಗೆರೆಯಾಗಿ ಮೂಡುತ್ತಿತ್ತು. ಒಂದೊಂದು ಗುಂಡಿಗೂ ಒಂದೊಂದು ಗೆರೆ. ಒಮ್ಮೆ ಹಿಡಿದರೆ ಸಾಕಲ್ಲವೇ ಎಂದು ನಾನು ಗೋಗರೆದೆ. ಎರಡು ಗೆರೆ ತಾಳೆಯಾಗುವವರೆಗೆ ಮುಂದಿನ ಗುಂಡಿ ಮುಟ್ಟಲಿಲ್ಲ ಪುಣ್ಯಾತ್ಮ. ಹೀಗಾಗಿ ಹನ್ನೊಂದು ಗುಂಡಿ ಮುಗಿಯುವಷ್ಟರಲ್ಲಿ ಬಸ್ಸಿನ ಹಾರನ್ ಕೇಳಿತು. ಅಮೀನಸಾಬ ರಿಮೋಟು ಕಿತ್ತುಕೊಂಡು ಓಡಿದ. ಉಳಿದದ್ದು ಹನ್ನೆರಡನೆಯದು, ತಿದ್ದಿದ ಲೆಕ್ಕವನ್ನು ಮೀಟರಿನಲ್ಲಿ ಕಾಯಂ ಮಾಡುವ ಗುಂಡಿ.

ಜೀಪಿನ ಬ್ಯಾಟರಿಗೆ ಇನ್ವರ್ಟರ್ ಕಟ್ಟಿ ಕಂಪ್ಯೂಟರನ್ನೇ ಗೇಟಿಗೆ ಒಯ್ದೆವು. ಈಗ ಅದರ ಸ್ಪೀಕರಿನ ತೂತಿಗೆ ಬೆಸೆದ, ಕಣ್ಣಿಗೆ ಕಾಣದ ಅದೇ ಬೆಳಕು ಬಿಡುವ ಪುಟ್ಟ ದೀಪದಿಂದ, ಹಿಡಿದ ಗೆರೆಗಳನ್ನು ಮೀಟರಿಗೆ ಕಳಿಸಬೇಕು. ಬಿಸಿಲು ಎಷ್ಟಿತ್ತೆಂದರೆ ಸಂಕೇತ ಮೀಟರಿಗೆ ಮುಟ್ಟಲೇ ಇಲ್ಲ. ಹುಲಗಪ್ಪ ತನ್ನ ಕರಿ ಕಂಬಳಿಯನ್ನು ಮೀಟರಿನ ಮೇಲೆ ಹೊದಿಸಿದ ಮೇಲೆ ಅಂಕಿಗಳು ಒಂದೊಂದಾಗಿ ಒಳಗಿಳಿದವು. ಜೂನಿಯರ್ ಇಂಜಿನಿಯರ್ ಬಸವಂತ್ರಾಯರು ಗಡಿಯಾರ ನೋಡುತ್ತ ನಿಂತಿದ್ದರು. ನಾಲ್ಕೂ ಇಪ್ಪತ್ತು. ಗುಂಡಿಗಳ ಸಂಕೇತಗಳ ಎಣಿಕೆ ಎಡದಿಂದ ಬಲಕ್ಕೆ ಒಂದೊಂದೇ ಏರುತ್ತಿದ್ದುದನ್ನು ಚಂದ್ರಾಮಪ್ಪನವರು ಗಮನಿಸಿದ್ದರು. ಕೊನೆಯದು ಯಾವುದಿರಬಹುದೆಂದು ಕಾಗದದ ಮೇಲೆ ಬರೆದೂ ಇದ್ದರು. ಆದರೆ ಮೀಟರಿನ ಲೆಕ್ಕವನ್ನೆಲ್ಲ ಅಳಿಸಿಹಾಕುವ ಸಂಕೇತವೂ ಅದೇ ಎಣಿಕೆಯ ಆಸುಪಾಸಿನಲ್ಲಿ ಎಲ್ಲೋ ಇದೆಯೆಂದು ಅಮೀನಸಾಬ ಹೇಳಿ ಹೋಗಿದ್ದ. ಅವರ ಬೆರಳು ಕೀಬೋರ್ಡಿನ ಮೇಲೆ ನಿಂತೇ ಬಿಟ್ಟಿತು.

"ಇದು ನಾ ಕೇಳಿದ್ದಲ್ಲ ಹುಲಗಪ್ಪ, ಬರೇ ಅಂದಾಜು. ತಪ್ಪಿದ್ರ ನಿನಗಿರೋ ಒಂದು ಸಾಕ್ಷಿನೂ ಅಳಿಸಿ ಹೋಗ್ತದ. ಹಾಕಲೇನು?"

ಹುಲಗಪ್ಪ ನೀರಿನ ಕಡೆ ನೋಡಿದ. "ಹಾಕ್ರಿ ಸರ. ಹೆಂಗೂ ಎಲ್ಲಾ ಹೋಗಾಕತ್ತದ."

ಒತ್ತಿದರು. ಮೀಟರಿನ ಮುಖ ಕಪ್ಪಾಯಿತು. ಬಸವಂತ್ರಾಯರು ಬೇರೆ ಕಡೆ ಮುಖ ತಿರುಗಿಸಿದರು. ಎಷ್ಟು ಹೊತ್ತೋ ಕಾಣೆ, ಅಂಕಿಗಳು ಮರಳಿ ಬಂದಾಗ ಅವು ಗೋಡೆಯ ಪಟ್ಟಿಗೂ ಮೇಲಿನ ಗೇಟಿನ ಲೆಕ್ಕಕ್ಕೂ ಸರಿಯಾಗಿ ಕೂಡಿದವು. ಹುಲಗಪ್ಪ ಕಂಬಳಿಯನ್ನು ಎದೆಗವಚಿಕೊಂಡು ಅಲ್ಲೇ ಕೂತ.

ಕಥೆ ಇಷ್ಟಕ್ಕೇ ಮುಗಿಯಬೇಕಿತ್ತು. ಚಂದ್ರಾಮಪ್ಪನವರು ಬರೆದ ವರದಿಯ ಕೊನೆಗೆ ಒಂದು ಸಾಲಿತ್ತು: "ಹನ್ನೆರಡನೆಯ ಗುಂಡಿಯ ಸಂಕೇತವನ್ನು ನಾನು ಕೇಳಿಲ್ಲ, ಊಹಿಸಿ ಕಳಿಸಿದ್ದೇನೆ." ಅದೊಂದನ್ನು ಹೊಡೆದುಹಾಕಿ ಎಂದು ಬಸವಂತ್ರಾಯರು ಕೈಹಿಡಿದು ಕೇಳಿಕೊಂಡರು. ನಾನಂತೂ ಅದನ್ನೇ ಸಿಟ್ಟಿನಿಂದ ಹೇಳಿದೆ.

"ಹೊಡದ್ರ ಅದಕ್ಕ ವರದಿ ಅಂತಾರೇನ್ರಿ?" ಎಂದು ಚಂದ್ರಾಮಪ್ಪನವರು ಸಹಿ ಹಾಕಿದರು.

ಹುಲಗಪ್ಪನ ನೌಕರಿ ಉಳಿಯಿತು. ಸರ್ಕಾರಿ ಮೀಟರಿನ ಮೇಲೆ ಊಹೆ ಪ್ರಯೋಗಿಸಿದ ತಪ್ಪಿಗೆ ಚಂದ್ರಾಮಪ್ಪನವರನ್ನು ವೈರ್‌ಲೆಸ್ ಕೋಣೆಯಿಂದ ತೆಗೆದು ಉಗ್ರಾಣಕ್ಕೆ ಹಾಕಿದರು. ಇಂಥವರು ಪ್ರತಿ ಕಚೇರಿಯ ಮೂಲೆಯಲ್ಲೂ ಒಬ್ಬರಾದರೂ ಇರುತ್ತಾರೆ. ತಾವು ಬಲ್ಲದ್ದೆಷ್ಟು, ಬಲ್ಲದೆ ಮಾಡಿದ್ದೆಷ್ಟು ಎಂಬ ಗೆರೆಯನ್ನು ತಮ್ಮ ಕೈಯಾರೆ ಎಳೆದು, ಅದರ ಕೆಳಗೆ ಹೆಸರು ಬರೆಯುತ್ತಾರೆ. ಅವರ ಮಾತನ್ನು ನಂಬಿ ನಾವು ಬದುಕುತ್ತೇವೆ, ಮತ್ತು ಆ ಮಾತು ನಂಬಲರ್ಹವಾದದ್ದು ಯಾವುದರಿಂದಲೋ ಅದನ್ನೇ ಅವರ ಹುಚ್ಚು ಎಂದು ಕರೆಯುತ್ತೇವೆ.