ಹನ್ನೆರಡನೇ ಗೇಟಿನ ತಾಂಬೂಲ

ಹನಿ, ಮತ್ತೊಂದು ಹನಿ, ತಲೆಯ ಮೇಲಿನ ಬಸ್ಸಿನ ಎಸಿ ಕಿಂಡಿಯಿಂದ ಎಡಭುಜಕ್ಕೇ ಗುರಿಯಿಟ್ಟ ಹಾಗೆ ಬೀಳುತ್ತಿದೆ, ನೀಲಿ ಸೀರೆಯ ಮೇಲೆ ಕಾಸಗಲ ಕಪ್ಪಾಯಿತು, ಬೆಳಿಗ್ಗೆಯಷ್ಟೇ ಇಸ್ತ್ರಿ ಮಾಡಿದ್ದು, ಸರಿದು ಕೂರೋಣವೆಂದರೆ ಪಕ್ಕದ ಹೆಂಗಸು ಸೂಟ್‌ಕೇಸನ್ನು ತಬ್ಬಿಕೊಂಡು ನಿದ್ದೆ ಹೋಗಿದ್ದಾಳೆ, ಉಮಾಮಹೇಶ್ವರಿ ಕರವಸ್ತ್ರವನ್ನು ಮಡಿಚಿ ಭುಜದ ಮೇಲೆ ಹಾಕಿಕೊಂಡಳು, ಇರಲಿ, ಭುಜ ಒದ್ದೆಯಾಗಿದೆಯೆಂದು ಏರ್‌ಪೋರ್ಟಿನ ಅಧಿಕಾರಿಗಳೇನು ಗೇಟು ಕಿತ್ತುಕೊಳ್ಳುವುದಿಲ್ಲ — ಯೂನಿಫಾರಂ ಹಾಕ್ಕೊಂಡೇ ಬನ್ನಿ ಉಮಕ್ಕ, ಜೊತೆಯಲ್ಲಿ ಕೆಲಸ ಮಾಡುವ ದೇವರಾಜ್ ನಿನ್ನೆ ಫೋನಿನಲ್ಲಿ ಹೇಳಿದ್ದ, ಮಯೂರ ಏರ್‌ವೇಸ್ ಇನ್ನೂ ಸತ್ತಿಲ್ಲ ಅಂತ ಅವ್ರ ಕಣ್ಣಿಗೆ ಕಾಣ್ಬೇಕು, ಹನ್ನೊಂದಕ್ಕೆ ಮೀಟಿಂಗು, ನೀವು ಒಂದೇ ಒಂದು ಮಾತು ಹೇಳಿ ಸಾಕು, ನಾನು ಗೇಟು ಬಿಟ್ಕೊಟ್ಟಿಲ್ಲ, ಅದು ಹಬ್ಬದ ತಾಂಬೂಲ ಅಷ್ಟೇ ಅಂತ. ಒಂದೇ ಒಂದು ಮಾತು. ಬನಶಂಕರಿಯಲ್ಲಿ ಬಸ್ಸು ಹತ್ತಿದಾಗಿನಿಂದ ಅದನ್ನೇ ಬಾಯಿಪಾಠ ಮಾಡುತ್ತಿದ್ದಾಳೆ, ಕನ್ನಡದಲ್ಲಾದರೆ ಸಲೀಸು, ಇಂಗ್ಲಿಷಿನಲ್ಲಿ ತಾಂಬೂಲಕ್ಕೆ ಏನನ್ನುವುದು, ಪ್ರಸಾದ ಅಂದುಬಿಡಲೇ, ಪ್ರಸಾದವೂ ಅಲ್ಲವಲ್ಲ, ಗಿಫ್ಟ್ ಅಂದರೆ ಕೆಲಸ ಕೆಟ್ಟಿತು, ಕಾಯಿಯ ಜೊತೆ ಗೇಟನ್ನೂ ಗಿಫ್ಟ್ ಕೊಟ್ಟಿರಾ ಮೇಡಂ ಎಂದು ನಕ್ಕುಬಿಡುತ್ತಾರೆ.

ಬಸ್ಸು ಜಯನಗರದ ಮರಗಳ ಕೆಳಗೆ ತೆವಳುತ್ತಿದೆ, ತಳ್ಳುಗಾಡಿಯಲ್ಲಿ ಆಗಲೇ ಅವರೆಕಾಯಿ ರಾಶಿ, ಅವರೆಕಾಯಿ ಬಂತೆಂದರೆ ದೀಪಾವಳಿ ಕಳೆಯಿತು, ವಿಮಾನಗಳು ನಿಂತದ್ದು ಆಷಾಢದಲ್ಲಲ್ಲವೇ, ಹುಬ್ಬಳ್ಳಿಗೆ ಹೊರಟವರು ಹನ್ನೆರಡನೇ ಗೇಟಿನಲ್ಲಿ ಸಾಲುಗಟ್ಟಿದ್ದರು, ಗಾಜಿನಾಚೆ ವಿಮಾನ ಎಲ್ಲರ ಕಣ್ಣೆದುರಿಗೇ ನಿಂತಿತ್ತು, ಹಳೇ ಬಾಕಿ ತೀರಿಸದೆ ಅದಕ್ಕೆ ಎಣ್ಣೆ ಹಾಕಲು ಎಣ್ಣೆಯವರು ಒಪ್ಪಲಿಲ್ಲ, ಪ್ಲೇನು ಅಲ್ಲೇ ಐತಲ್ಲವ್ವ, ಹತ್ಸಾಕ ಏನಡ್ಡಿ ಎಂದು ಮುದುಕರೊಬ್ಬರು ಕೇಳಿದರು, ಅವರಿಗೆ ಏನು ಹೇಳಿದಳೋ ನೆನಪಿಲ್ಲ, ಅವರ ಚೀಲ ಹಿಡಿದು ಕುರ್ಚಿಯವರೆಗೆ ನಡೆಸಿಕೊಂಡು ಹೋದದ್ದಷ್ಟೇ ನೆನಪು. ಸಂಜೆ ಟೀವಿಯಲ್ಲಿ ದಿವಾಳಿ ಎಂಬ ಮಾತು ಬಂತು. ಆಮೇಲೆ ಕೊಯಮತ್ತೂರಿನ ಮಿಲ್ಲಿನ ಯಜಮಾನರೊಬ್ಬರು ಕಂಪನಿ ಕೊಳ್ಳುತ್ತೇನೆಂದು ಬಂದರು, ಬಿಳಿ ಪಂಚೆ, ಮೆಲುಮಾತು, ವಿಮಾನ ಬಾಡಿಗೆಗೆ ಸಿಕ್ತದೆ, ಪೈಲಟ್ಟೂ ಸಿಕ್ತಾರೆ, ಗೇಟು ಎಲ್ಲಿಂದ ತರ್ಲಿ, ಇರೋ ಮೂರು ಗೇಟು ಉಳಿಸ್ಕೊಳ್ಳಿ, ಮಿಕ್ಕಿದ್ದು ನಾನು ನೋಡ್ಕೋತೀನಿ ಎಂದರು. ಆ ಮೂರು ಗೇಟಿನ ಮೇಲೇ ಅಂಬರ್ ಏರ್‌ನವರ ಕಣ್ಣು, ಅವರಿಗೆ ವಿಮಾನಗಳಿವೆ, ಜನ ಇದ್ದಾರೆ, ನಿಲ್ಲಿಸಲು ಜಾಗವಿಲ್ಲ. ನಿಮ್ಮವರು ಗೇಟಿನಲ್ಲಿ ನಿಂತಿರುವವರೆಗೂ ಬೇರೆಯವರಿಗೆ ಕೊಡುವುದಿಲ್ಲ ಎಂದು ಏರ್‌ಪೋರ್ಟಿನವರು ಮಾತು ಕೊಟ್ಟರು, ಸರಿ, ನಿಂತರು, ಸಂಬಳವಿಲ್ಲದೆ ಪಾಳಿ ಹಾಕಿಕೊಂಡು ನಿಂತರು, ಧೂಳಿನ ಹೊದಿಕೆ ತೆಗೆಯುವುದು, ಕೌಂಟರ್ ಒರೆಸುವುದು, ಯಾರೂ ಬರದ ಬಾಗಿಲಲ್ಲಿ ಕೈಕಟ್ಟಿ ನಿಲ್ಲುವುದು, ಬಂದವರೆಲ್ಲ ಕೇಳಿದ್ದು ಒಂದೇ, ಮೇಡಂ ಟಾಯ್ಲೆಟ್ ಎಲ್ಲಿ. ಗಂಡ ಚಿದಾನಂದ್ ಛೇಡಿಸಿದ, ದುಡ್ಡಿಲ್ಲದ ಕೆಲಸಕ್ಕೆ ಲಿಪ್‌ಸ್ಟಿಕ್ ಬೇರೆ ಕೇಡು ನೋಡು ಇವಳಿಗೆ. ರೀ, ನಿಮಗೇನ್ರಿ ಗೊತ್ತು, ಖಾಲಿ ಗೇಟು ಅಂತ ಮುಖವೂ ಖಾಲಿ ಬಿಟ್ರೆ ನೋಡಿದೋರು ಎತ್ತಾಕ್ಕೊಂಡು ಹೋಗ್ತಾರೆ. ಕೊನೆಗೆ ಎತ್ತಿ ಕೊಟ್ಟವಳು ಯಾರು, ಅವಳೇ, ಎರಡೂ ಕೈಯಿಂದ.

ಆ ಕಾಯಿ ಒಡೆದಿದ್ದರೆ ಇದ್ಯಾವುದೂ ಆಗುತ್ತಿರಲಿಲ್ಲ. ಆಯುಧಪೂಜೆಗೆ ಗೇಟಿನಲ್ಲೇ ಪೂಜೆ ಮಾಡುವುದು ಮಯೂರದವರ ಪದ್ಧತಿ, ಬೋರ್ಡಿಂಗ್ ಪಾಸ್ ಓದುವ ಯಂತ್ರಕ್ಕೆ ವಿಭೂತಿ ಎಳೆದು ಕುಂಕುಮ ಇಡುವುದು, ವಾಕಿಟಾಕಿಗೆ ಸೇವಂತಿಗೆ ಸಿಕ್ಕಿಸುವುದು, ಗಾಜಿನ ಬಾಗಿಲುಗಳ ಕೀಲಿಗೊಂಚಲನ್ನು ಹಿತ್ತಾಳೆ ತಟ್ಟೆಯಲ್ಲಿಟ್ಟು ಅರಿಶಿನ ಹಚ್ಚುವುದು, ಬೂದುಗುಂಬಳವನ್ನೂ ತೆಂಗಿನಕಾಯನ್ನೂ ದೇವರಾಜ್ ಹೊರಗೆ ಪಾರ್ಕಿಂಗಿನಲ್ಲಿ ಒಡೆದು ಬರುತ್ತಿದ್ದ. ಈ ಸಲ ಕಾಯಿ ಒಡೆಯುವುದು ಬೇಡವೆಂದವಳು ಅವಳೇ, ಒಡೆದಾಗ ಒಳಗೆ ಕೊಳೆತಿದ್ದರೆ, ಮೊದಲೇ ಮುಳುಗಿದ ಕಂಪನಿ, ಎಲ್ಲರ ಎದೆಯೂ ಕುಸಿಯುತ್ತದೆ, ಇಡಿಯಾಗೇ ಇರ್ಲಿ ದೇವರಾಜ್, ನಮ್ಮ ಪ್ಲೇನು ಹಾರಿದ ದಿನ ಒಡೆಯೋಣ. ಭದ್ರತೆಯವನು ಇಡೀ ಕಾಯಿ ಕಂಡು ಯಂತ್ರದಲ್ಲಿ ಮತ್ತೆ ಮತ್ತೆ ಓಡಿಸಿದ, ಒಳಗೇನಿದೆ ಎಂದ, ನೀರು ಸಾರ್, ದೇವ್ರೇ ಸೀಲ್ ಮಾಡಿ ಕಳ್ಸಿರೋದು ಎಂದ ದೇವರಾಜ್, ಎಲ್ಲರೂ ನಕ್ಕರು, ಎಷ್ಟು ಕಾಲವಾಗಿತ್ತು ಹಾಗೆ ನಕ್ಕು. ಹೀಗೆ ಕಾಯಿ ತಟ್ಟೆಯಲ್ಲಿ ಉಳಿಯಿತು, ಕೀಲಿಗಳ ಪಕ್ಕದಲ್ಲಿ, ವೀಳ್ಯದೆಲೆ ಅಡಿಕೆ ಬಾಳೆಹಣ್ಣಿನ ಜೊತೆ. ಆಗ ಶೃತಿ ಬಂದಳು, ಮೊದಲು ಇದೇ ಗೇಟಿನಲ್ಲಿದ್ದವಳು. ಅಂಬರ್‌ನ ಹಸಿರು ಕೋಟು ಪ್ಯಾಂಟಿನಲ್ಲಿ ಮೊದಲು ಗುರುತೇ ಸಿಗಲಿಲ್ಲ, ಜೊತೆಗೆ ಕೂಲಿಂಗ್ ಗ್ಲಾಸನ್ನು ತಲೆಗೆ ಸಿಕ್ಕಿಸಿದ ಅವಳ ಮ್ಯಾನೇಜರು, ಸುಮ್ನೆ ಗೇಟು ನೋಡ್ಕೊಂಡು ಹೋಗೋಣ ಅಂತ ಬಂದ್ವಿ ಮೇಡಂ ಎಂದ, ಹೆಣ್ಣು ನೋಡಲು ಬಂದವರ ಹಾಗೆ ಕತ್ತು ಚಾಚಿ ಮೂಲೆ ಮೂಲೆ ನೋಡಿದ. ಶೃತಿ ಹಿಂದೆಯೇ ನಿಂತಿದ್ದಳು, ಚೆನ್ನಾಗಿದ್ದೀರಾ ಅಕ್ಕ. ಕೆಲಸಕ್ಕೆ ಸೇರಿದ ದಿನ ಹೆದರಿ ವಾಂತಿ ಮಾಡಿಕೊಂಡಿದ್ದ ಹುಡುಗಿ, ಮುಖ ತೊಳೆಸಿ, ನೆರಿಗೆ ಹಿಡಿದು ಪಿನ್ನು ಹಾಕಿ ಗೇಟಿಗೆ ತಂದು ನಿಲ್ಲಿಸಿದವಳು ಉಮಾಮಹೇಶ್ವರಿ, ಮೊದ್ಲು ಮುಖ ನೋಡು ಶೃತಿ, ಚೀಟಿ ಆಮೇಲೆ ನೋಡು, ಬಂದವರು ಮನೆಗೆ ಬಂದ ಹಾಗೆ ಅನ್ಕೋ. ಮದುವೆಯಾಗಿ ವರ್ಷ ತುಂಬಿಲ್ಲ, ಹಬ್ಬದ ದಿನ ಬಾಗಿಲಿಗೆ ಬಂದಿದ್ದಾಳೆ, ಬರಿಗೈಯಲ್ಲಿ ಹೇಗೆ ಕಳಿಸುವುದು, ತಟ್ಟೆ ಎತ್ತಿದಳು, ಅಷ್ಟೇ, ಅವಳು ಮಾಡಿದ್ದು ಅಷ್ಟೇ, ಮ್ಯಾನೇಜರು ಮೊಬೈಲು ಎತ್ತಿದ್ದನ್ನು ಕಂಡಿದ್ದಳು ಕೂಡ, ಸೆರಗು ಸರಿಮಾಡಿಕೊಂಡು ನಗುಮುಖದಲ್ಲೇ ನಿಂತಿದ್ದಳು.

ಫೋಟೋ ಸಂಜೆಯೊಳಗೆ ಎಲ್ಲರ ಫೋನಿಗೂ ಬಂತು. ನಡುವೆ ಹಿತ್ತಾಳೆ ತಟ್ಟೆ, ತಟ್ಟೆಯಲ್ಲಿ ಎಲ್ಲಕ್ಕಿಂತ ಮುಂದೆ ಅರಿಶಿನ ಹಚ್ಚಿದ ಕೀಲಿಗೊಂಚಲು, ಈಚೆ ನೀಲಿ ಸೀರೆ, ಆಚೆ ಹಸಿರು ಕೋಟು, ಕೆಳಗೆ ಆ ಮ್ಯಾನೇಜರು ಬರೆದಿದ್ದ, ಹಬ್ಬದ ಶುಭದಿನದಂದು ಮಯೂರ ಗೇಟುಗಳ ಸೌಹಾರ್ದ ಹಸ್ತಾಂತರ. ಏನಕ್ಕಾ ಇದು, ಹೆಣ್ಣು ಒಪ್ಪಿಸ್ದಂಗೆ ಒಪ್ಪಿಸ್ಬಿಟ್ರಲ್ಲ ಎಂದಳು ರೇಖಾ, ಟಿಕೆಟ್ ಕೌಂಟರಿನ ರೇಖಾ, ನಾಲಿಗೆ ಹರಿತ ಆದರೆ ಸುಳ್ಳಾಡಿದವಳಲ್ಲ. ತಾಂಬೂಲ ಕೈ ಬದಲಾದರೆ ಏನರ್ಥ ಎಂದು ಉಮಾಮಹೇಶ್ವರಿಗೆ ಯಾರೂ ಕಲಿಸಬೇಕಿರಲಿಲ್ಲ, ತಿಪಟೂರಿನ ಮನೆಯಲ್ಲಿ ಅಪ್ಪ ನಡುಮನೆಯಲ್ಲಿ ಕೂತು ತಟ್ಟೆ ಬದಲಾಯಿಸಿಕೊಳ್ಳುವಾಗ ಅವಳು ಬಾಗಿಲ ಹಿಂದೆ ನಿಂತಿದ್ದಳು, ಕಾಲೇಜು ಇನ್ನೊಂದು ವರ್ಷ ಇದೆ ಅಪ್ಪಾಜಿ ಎನ್ನಲು ಬಾಯಿ ತೆರೆಯುವಷ್ಟರಲ್ಲಿ, ತಾಂಬೂಲ ಆಗೋಯ್ತಲ್ಲವ್ವ, ಇನ್ನೇನು ಮಾತು ಎಂದಿದ್ದರು ಅಪ್ಪ, ಕೋಪವಿಲ್ಲದೆ, ಮಳೆ ಬಂತಲ್ಲ ಎನ್ನುವಷ್ಟು ಸಹಜವಾಗಿ. ಚಿದಾನಂದ್ ಕೆಟ್ಟವನೇನಲ್ಲ, ಅದರ ಮಾತಲ್ಲ ಇದು. ತನ್ನ ಬಾಳನ್ನೇ ತಿರುಗಿಸಿದ ತಟ್ಟೆ ಎಂಥದು ಎಂಬುದನ್ನು ಮರೆತು ತಾನೇ ಒಂದು ತಟ್ಟೆ ಎತ್ತಿಬಿಟ್ಟಳಲ್ಲ, ಈಗ ಅಧಿಕಾರಿಗಳ ಮುಂದೆ ನಿಂತು, ಇದಕ್ಕೆ ಅಂಥ ಅರ್ಥವೇನಿಲ್ಲ ಸಾರ್, ನಮ್ಮಲ್ಲಿ ಯಾರು ಬಂದರೂ ಕೊಡುತ್ತೇವೆ ಎನ್ನಬೇಕು, ಅದೂ ನಿಜವೇ, ಎರಡೂ ನಿಜ, ಎರಡನ್ನೂ ಒಂದೇ ಮಾತಿನಲ್ಲಿ ಹೇಳುವುದು ಹೇಗೆ.

ಸೌತ್ ಎಂಡ್ ಸರ್ಕಲ್ಲಿನಲ್ಲಿ ಬಸ್ಸು ನಿಂತೇಬಿಟ್ಟಿತು, ಮುಂದೆ ಯಾರೋ ಆಟೋದವನಿಗೂ ಕಾರಿನವನಿಗೂ ಜಗಳ, ಏನ್ ಗುರು ರೋಡ್ ನಿಮ್ಮಪ್ಪಂದಾ, ಕಂಡಕ್ಟರು ಬಾಗಿಲಲ್ಲಿ ನಿಂತು ತೀರ್ಪು ಕೊಡುತ್ತಿದ್ದಾನೆ, ತಡವಾಗುವುದೇ, ಇಲ್ಲ, ಇನ್ನೂ ಹೊತ್ತಿದೆ — ಫೋನು, ದೇವರಾಜ್, ಬರ್ತಿದ್ದೀನಿ ದೇವರಾಜ್, ಸೌತ್ ಎಂಡ್ ಹತ್ರ ಇದ್ದೀನಿ, ಬಸ್ಸಲ್ಲೇ ಇದ್ದೀನಿ. ಬರ್ಬೇಡಿ ಉಮಕ್ಕ, ಎಂದ ಆ ಕಡೆಯಿಂದ. ಯಾಕಪ್ಪ. ಮೀಟಿಂಗ್ ಬೆಳಿಗ್ಗೇನೇ ಮುಗಿಸ್ಬಿಟ್ರು, ಮೂರೂ ಅಂಬರ್‌ನವರಿಗೇ, ನಾನು ಬರೋಷ್ಟ್ರಲ್ಲಿ ನಮ್ಮ ಬೋರ್ಡು ಬಿಚ್ತಾ ಇದ್ರು. ಕೊಯಮತ್ತೂರಿನವ್ರು? ಕೈ ಮುಗ್ದು ಹೊರಟ್ರು ಅಕ್ಕ, ಗೇಟಿಲ್ದಿರೋ ಕಂಪನಿ ತಗೊಂಡು ಏನ್ಮಾಡ್ಲಿ ಅಂದ್ರು, ಮುಗೀತು. ನನ್ನ ಮಾತು ಕೇಳ್ಬೇಕಿತ್ತಲ್ಲ ದೇವರಾಜ್ ಅವ್ರು. ಹೇಳ್ದೆ ಅಕ್ಕ, ಮೇಡಂ ದಾರೀಲಿದ್ದಾರೆ ಅಂದೆ, ಆ ಅಧಿಕಾರಿ ಫೋಟೋ ತೋರಿಸಿ ನಕ್ರು, ನಿಮ್ಮ ಮೇಡಮ್ಮೇ ಕಾಯಿ ಕೊಟ್ಟು ಕಳ್ಸಿದ್ದಾರಲ್ರಿ, ಇನ್ನೇನು ಹೇಳ್ತಾರೆ ಅಂದ್ರು. ದೇವರಾಜ್ ಬೈದಿದ್ದರೆ ಆಗುತ್ತಿತ್ತು, ಬೈಯಲಿಲ್ಲ, ನೀವು ಬೇಜಾರ್ ಮಾಡ್ಕೋಬೇಡಿ, ಊಟ ಮಾಡಿ ಎಂದ, ಬೆಳಗಿನ ಹೊತ್ತು ಊಟ ಮಾಡಿ ಎಂದ. ಫೋನು ಕೈಯಲ್ಲೇ ಉಳಿಯಿತು, ಅದರಲ್ಲಿ ಆ ಫೋಟೋ ಇದೆ, ತೆರೆದು ನೋಡಬೇಕಿಲ್ಲ, ಕೀಲಿ ಎಲ್ಲಿದೆ ಕಾಯಿ ಎಲ್ಲಿದೆ ಕಣ್ಣುಮುಚ್ಚಿದರೂ ಕಾಣುತ್ತದೆ, ಆದರೆ ಫೋಟೋದಲ್ಲಿ ಎಲ್ಲವೂ ಇಲ್ಲ, ಅದರ ಮುಂದಿನ ಗಳಿಗೆ ಅದರಲ್ಲಿಲ್ಲ, ಮ್ಯಾನೇಜರು ತನಗೆ ಬೇಕಾದದ್ದು ಸಿಕ್ಕಿತೆಂದು ಮೊಬೈಲು ಜೇಬಿಗಿಳಿಸಿದ ಮೇಲಿನ ಗಳಿಗೆ, ಶೃತಿ ಕೈಗಳನ್ನು ಹಿಂದಕ್ಕೆ ಎಳೆದುಕೊಂಡಿದ್ದಳು. ಬೇಡ ಅಕ್ಕ. ಕಾಯಿ ಬೇಡ ಅಕ್ಕ, ಕುಂಕುಮ ಸಾಕು ನಂಗೆ. ಮೆಲ್ಲಗೆ, ಮ್ಯಾನೇಜರಿಗೆ ಕೇಳದ ಹಾಗೆ, ಕಣ್ಣು ತಟ್ಟೆಯ ಮೇಲೆ. ಗೊತ್ತಿತ್ತು ಅವಳಿಗೆ, ಅಂಜನಾಪುರದ ಸಂಪ್ರದಾಯಸ್ಥರ ಮನೆಯ ಹುಡುಗಿ, ತಾಂಬೂಲದ ಲೆಕ್ಕ ತಿಳಿಯದವಳೇ, ಬೇಡ ಬೇಡ ಎಂದು ಕಣ್ಣಲ್ಲೇ ಹೇಳುತ್ತಿದ್ದಳು, ಉಮಾಮಹೇಶ್ವರಿ ಅದನ್ನು ನಾಚಿಕೆ ಅಂದುಕೊಂಡಳು, ಬೇರೆ ಕಂಪನಿಗೆ ಹೋದವಳ ಸಂಕೋಚ ಅಂದುಕೊಂಡಳು, ಮುದ್ದು ಉಕ್ಕಿತು, ಸುಮ್ನೆ ತಗೊಳ್ಳೇ, ದೊಡ್ಡವಳು ಕೊಟ್ಟಿದ್ದು ಬೇಡ ಅಂತಾರಾ, ಒಡ್ಡು ಸೆರಗು. ಅಭ್ಯಾಸದ ಮಾತು, ಸೆರಗೆಲ್ಲಿದೆ. ಶೃತಿ ತನ್ನನ್ನು ತಾನೇ ಒಮ್ಮೆ ನೋಡಿಕೊಂಡಳು, ಹಸಿರು ಕೋಟಿನ ಗುಂಡಿ ಬಿಚ್ಚಿದಳು, ಅಂಚನ್ನು ಎರಡೂ ಕೈಯಲ್ಲಿ ಹಿಡಿದು, ತಲೆ ತಗ್ಗಿಸಿ, ಮುಂದಕ್ಕೆ ಒಡ್ಡಿದಳು. ಕಂಡಕ್ಟರು ಕೂಗುತ್ತಿದ್ದಾನೆ, ಲಾಲ್‌ಬಾಗ್ ಯಾರ್ರೀ ಇಳಿಯೋರು, ಇಳಿಯಬೇಕು, ಇಳಿದು ಮನೆಗೆ ಹೋಗಬೇಕು, ಆ ಹುಡುಗಿ ಕೋಟು ಒಡ್ಡಿದಳಲ್ಲ, ಚಿದಾನಂದ್‌ಗೆ ಏನೆಂದು ಹೇಳುವುದು, ರೇಖಾಗೆ, ಎಲ್ಲರಿಗೂ ತಾನೇ ಹೇಳುವುದು ಮೇಲು, ಬೇಡವೆಂದವಳಿಗೆ ಒತ್ತಿ ಕೊಟ್ಟೆ ಎಂದು ಹೇಳುವುದು ಹೇಗೆ, ಕೋಟು ಒಡ್ಡಿದಳು, ಎದ್ದು ನಿಲ್ಲಬೇಕು, ಬಸ್ಸು ಹೊರಟಿತು, ಕಾಯಿ ಬಿದ್ದ ಭಾರಕ್ಕೆ ಜಗ್ಗಿದ ಹಸಿರು ಬಟ್ಟೆ, ಬೀಳದ ಹಾಗೆ ಬಿಗಿಹಿಡಿದ ಎರಡು ಕೈ, ಹಸಿರು ಕೋಟಿನ ಅಂಚು, ಆ ಎರಡು ಕೈ —