ಕೃತಿಯ ಆರು ಎಂಜಿನ್‌ಗಳು

ಮೌಸ್ ಹಿಡಿದ ಚಂದ್ರಮೋಹನರ ಬಲಗೈ ಸುಮ್ಮನಿರಲೊಲ್ಲದು. ಕಂಪ್ಯೂಟರಿನ ಪರದೆಯ ಮೇಲೆ ಶೆಡ್ಡಿನಲ್ಲಿ ಆರು ಎಂಜಿನ್‌ಗಳು ಖಾಲಿ ನಿಂತಿವೆ, ಅದೂ ನಾಲ್ಕು ದಿನದಿಂದ! ಇತ್ತ ಬಂದರಿನಲ್ಲಿ ಹಡಗು ಸರಕಿಗಾಗಿ ಕಾಯುತ್ತಿದೆ. ಮೂವತ್ತಾರು ವರ್ಷ ದೆಹಲಿಯ ರೈಲ್ವೆ ಕಚೇರಿಯಲ್ಲಿ ಕೂತು ಗೂಡ್ಸ್ ಗಾಡಿಗಳನ್ನು ಓಡಿಸಿ ನಿವೃತ್ತರಾದ ಮನುಷ್ಯ. ಖಾಲಿ ನಿಂತ ಎಂಜಿನ್ ಕಂಡರೆ ಮೈಯೆಲ್ಲ ಉರಿ. ಹಿಂದೆ ಮುಂದೆ ನೋಡದೆ ಆರನ್ನೂ ಬಂದರಿನ ದಾರಿಗೆ ಹಾಕಿಬಿಟ್ಟರು.

ಎಂಜಿನ್‌ಗಳು ಅವರವಲ್ಲ, ಮಗಳು ಕೃತಿಯವು. ಈ ರೈಲಿನ ಆಟ ಕಲಿಸಿದವಳೂ ಅವಳೇ. ಅವಳು ದೆಹಲಿಯ ಹೌಜ್ ಖಾಸಿನ ಬಾಡಿಗೆ ಕೋಣೆಯಿಂದ, ಇವರು ಫರೀದಾಬಾದಿನ ಮನೆಯಿಂದ, ಆಡುವುದು ಒಂದೇ ನಕ್ಷೆಯಲ್ಲಿ. ಊರೊಳಗಿನ ಪೂರೈಕೆ ಅವಳದು: ಗೋಧಿ ಗಿರಣಿಗೆ, ಹಿಟ್ಟು ಹಾಲು ನಾಲ್ಕು ಪಟ್ಟಣಗಳಿಗೆ. ರಫ್ತು ಅಪ್ಪನದು. ಎರಡು ತಿಂಗಳಿಂದ ಅಪ್ಪ ಮಗಳ ನಡುವೆ ಉಳಿದಿರುವುದು ಇದೊಂದೇ. ದೆಹಲಿಯದೇ ದ್ವಾರಕಾ ಬಡಾವಣೆಯ ಗುರುರಾಜರು ತಮ್ಮ ಮಗನಿಗೆ ಹೆಣ್ಣು ಕೇಳಿದಾಗ, ಅವಳನ್ನು ಒಂದು ಮಾತೂ ಕೇಳದೆ, "ನಮ್ಮ ಹುಡುಗಿ ಒಪ್ಪಿದಾಳೆ" ಎಂದುಬಿಟ್ಟಿದ್ದರು ಈ ಮಹಾನುಭಾವರು. ಅಂದು ಬ್ಯಾಗು ಹಿಡಿದು ಹೋದವಳು ಅಪ್ಪನ ಫೋನು ಎತ್ತಿಲ್ಲ. ಅವಳು ಆಟಕ್ಕೆ ಬಂದು ಪರದೆಯಲ್ಲಿ ಅವಳ ಹೆಸರು ಹಸಿರಾದರೆ, ಸದ್ಯ, ಚೆನ್ನಾಗಿದ್ದಾಳೆ ಎಂದು ಇವರು ಕಾಫಿ ಕುಡಿಯುತ್ತಾರೆ.

ಬೆಳಿಗ್ಗೆ ಹನ್ನೊಂದಕ್ಕೆ ಅವಳ ಹೆಸರು ಹಸಿರಾಯಿತು. ಅಷ್ಟರಲ್ಲಿ ಹೊಲದ ಬದಿಯಲ್ಲಿ ಗೋಧಿ ರಾಶಿ ಬಿದ್ದಿತ್ತು, ಸಾಗಿಸಲು ಗಾಡಿಯಿಲ್ಲ. ಪಟ್ಟಣಗಳಲ್ಲಿ ಹಿಟ್ಟಿಲ್ಲದೆ ಜನ ಊರು ಬಿಡತೊಡಗಿದ್ದರು.

"ನನ್ನ ಎಂಜಿನ್ಸ್ ಕಹಾಂ ಗಯೇ?" ಪರದೆಯ ಮೂಲೆಯಲ್ಲಿ ಅಕ್ಷರ ಮೂಡಿತು. "ಇವತ್ತು ಹಾರ್ವೆಸ್ಟ್. ಅದಕ್ಕೇ ಖಾಲಿ ಇಟ್ಟಿದ್ದೆ. ಯಾರನ್ನ ಕೇಳಿ ತಗೊಂಡೆ, ಪಪ್ಪಾ? ನಾನಿನ್ನು ಆಡಲ್ಲ. ಬಸ್, ಸಾಕು."

ಚಂದ್ರಮೋಹನರು ಎದ್ದರು, ಬಾಲ್ಕನಿಗೆ ಹೋದರು, ಬಂದು ಕೂತರು, ಮತ್ತೆ ಎದ್ದರು. ಕೊನೆಗೆ ಒಂದೊಂದೇ ಕೀಲಿ ಒತ್ತಿ ಬರೆಯತೊಡಗಿದರು: "ಖಾಲಿ ಇದ್ದ ಎಂಜಿನ್‌ಗಳನ್ನು ಸದುಪಯೋಗಪಡಿಸಿಕೊಳ್ಳುವ ದೃಷ್ಟಿಯಿಂದ..."

"ಅಯ್ಯೋ ರಾಮ! ಮಗಳಿಗೆ ಆಫೀಸ್ ನೋಟ್ ಬರೀತಿದೀರಾ?" ಬೆನ್ನ ಹಿಂದೆ ಹೆಂಡತಿ ಲೀಲಾವತಿ.

"ಒಂದು ಆಟಕ್ಕೆ ಇಷ್ಟು ಕೋಪಾನಾ ಲೀಲಾ?"

"ಆಟಕ್ಕಲ್ಲ ರೀ. ಗುರುರಾಜರಿಗೆ ಇನ್ನೂ ನಿಜ ಹೇಳಿಲ್ಲ ನೀವು. ಮಾತು ಕೊಟ್ಟಾಗಿದೆ, ಮರ್ಯಾದೆ ಹೋಗತ್ತೆ ಅಂತ ಕೂತಿದೀರ. ಅವಳು ಈ ಆಟಾನೂ ಬಿಟ್ಟರೆ ಏನ್ ಮಾಡ್ತೀರಿ?"

ಚಂದ್ರಮೋಹನರು ಬರೆದದ್ದನ್ನೆಲ್ಲ ಅಳಿಸಿದರು. ಫೋನು ತೆಗೆದುಕೊಂಡು ನಿಂತೇ ಮಾತಾಡಿದರು.

"ಗುರುರಾಜರೇ, ತಪ್ಪು ನಂದು. ಮಗಳನ್ನ ಕೇಳದೇನೇ ಒಪ್ಪಿದಾಳೆ ಅಂದಿದ್ದೆ. ಅವಳು ಒಪ್ಪಿಲ್ಲ."

ಆ ಕಡೆಯವರು ಬಹಳ ಹೊತ್ತು ಬೈದರು. ಇವರು "ಹೌದು... ಹೌದು" ಎನ್ನುತ್ತಾ ಅಂಗಿಯ ಗುಂಡಿ ತಿರುವುತ್ತಿದ್ದರು.

ಆಮೇಲೆ ಆರೂ ಎಂಜಿನ್‌ಗಳನ್ನು ಹಿಂದಕ್ಕೆ ಕಳಿಸಿದರು. ಹಡಗು ಅರ್ಧ ಖಾಲಿಯಾಗಿಯೇ ಬಂದರು ಬಿಟ್ಟಿತು. ಅದನ್ನು ನೋಡಲಾಗದೆ ಮುಖ ತಿರುಗಿಸಿದರು. "ಕೇಳಬೇಕಿತ್ತು, ಕೇಳಲಿಲ್ಲ. ಗುರುರಾಜರಿಗೂ ಫೋನ್ ಮಾಡಿ ಅದನ್ನೇ ಹೇಳಿದೆ," ಎಂದು ಬರೆದರು.

ಅವಳ ಹೆಸರು ಹಸಿರಾಗಿಯೇ ಇತ್ತು. ಕೆಳಗೆ ತರಕಾರಿ ಗಾಡಿಯವನು ಕೂಗಿ ಹೋದ. ಕುಕ್ಕರ್ ಮೂರು ಸಲ ಕೂಗಿತು. ಚಂದ್ರಮೋಹನರು ಕಾಲು ಅಲುಗಿಸುತ್ತಾ ಪರದೆ ನೋಡುತ್ತಲೇ ಕೂತಿದ್ದರು.

ಪರದೆಯ ನಡುವೆ ಚೌಕವೊಂದು ತೆರೆಯಿತು. "ಕೃತಿ ನಿಮಗೆ ಒಂದು ಎಂಜಿನ್ ಕೊಡುತ್ತಿದ್ದಾಳೆ, ಒಪ್ಪುತ್ತೀರಾ?" ಅದರ ಕೆಳಗೆ ಅವಳದೇ ಅಕ್ಷರ: "ಅಚ್ಛಾ. ನನಗೆ ಐದು ಸಾಕು."

ಅವರ ಬೆರಳು ಮೌಸಿನವರೆಗೆ ಹೋಯಿತು. ಅಲ್ಲೇ ನಿಂತಿತು.

"ಲೀಲಾ," ಎಂದು ಕರೆದರು. "ಕೃತಿ ಒಂದು ಎಂಜಿನ್ ಕೊಡ್ತಿದಾಳೆ. ಒಪ್ಕೊಳ್ಳಲಾ?"

"ಇದನ್ನೂ ನನ್ನ ಕೇಳ್ತೀರಾ?" ಎಂದಳು ಲೀಲಾವತಿ ಅಡುಗೆಮನೆಯಿಂದ. ಆದರೂ ಒಲೆ ಆರಿಸಿ, ಸೆರಗಿಗೆ ಕೈ ಒರೆಸುತ್ತಾ ಬಂದು, ಪಕ್ಕಕ್ಕೆ ಸ್ಟೂಲು ಎಳೆದುಕೊಂಡು ಕೂತಳು.