ಐವತ್ತೊಂದರಲ್ಲಿ ನಿಲ್ಲದ ಕಂಪ್ಯೂಟರ್

ಭಾವ, ಅಂದರೆ ನನ್ನ ಗಂಡನ ಅಣ್ಣ, ಲಿಫ್ಟ್ ಇನ್‌ಸ್ಪೆಕ್ಟರ್. ಎಂಟು ಜನ ಎಂದು ಬರೆದ ಲಿಫ್ಟಿಗೆ ಒಂಬತ್ತನೆಯವರಾಗಿ ಮದುಮಗಳೇ ಕಾಲಿಟ್ಟರೂ ಇಳಿಸಿಬಿಡುವ ಮನುಷ್ಯ. ಆ ಭಾನುವಾರ ಫೋನ್ ಮಾಡಿದರು.

"ಮುಂದಿನ ವಾರ ಬರ್ತೀನಮ್ಮ. ಆ ಕಂಪ್ಯೂಟರ್‌ನ ಕಂಪನಿಯಿಂದ ಬಂದಾಗ ಹೇಗಿತ್ತೋ ಹಾಗೆ ಮಾಡಿ ನಮ್ಮನೆಗೆ ತಗೊಂಡು ಹೋಗ್ತೀನಿ. ಮಗಳ ಓದಿಗೆ ಆಗುತ್ತೆ. ನಿನಗೆ ನನ್ನ ಲ್ಯಾಪ್‌ಟಾಪ್ ಕೊಡ್ತೀನಿ, ಹೊಸದೇ. ಬೇಜಾರಿಲ್ಲ ತಾನೆ?"

ಬೇಜಾರಿತ್ತು. ಆದರೆ ಅದನ್ನು ಹೇಳುವುದಕ್ಕೆ ಕಾರಣ ಬೇಕಿತ್ತು. ಕಂಪ್ಯೂಟರ್ ದಿನಕ್ಕೊಂದು ಸಲವಾದರೂ ಬೀಳುತ್ತಿತ್ತು. ಕೆಲಸದ ಮಧ್ಯೆ ನೀಲಿ ಪರದೆ ಬಂದು ಮಾಡಿದ್ದೆಲ್ಲ ಹೋಗುತ್ತಿತ್ತು. ಭಾವ ಮನೆಗೆ ಬಂದಾಗಲಂತೂ ತಪ್ಪದೆ ಬಿದ್ದಿತ್ತು.

ಬೀಳುವಂತೆ ಮಾಡಿಟ್ಟವನು ನನ್ನ ಗಂಡ. ಅದರ ಪ್ರೊಸೆಸರ್ ಓಡಬೇಕಾದ ವೇಗ ನಲವತ್ತಾರು. ಡಬ್ಬದ ಮೇಲೆ ನಾಲ್ಕು ಪಾಯಿಂಟ್ ಆರು ಗಿಗಾಹರ್ಟ್ಸ್ ಎಂದು ಅಚ್ಚಾಗಿತ್ತು, ಕಂಪ್ಯೂಟರಿನ ಲೆಕ್ಕದಲ್ಲಿ ಅದು ನಲವತ್ತಾರು. ಅವನು ರಜಾ ದಿನಗಳಲ್ಲಿ ಕೂತು ಅದನ್ನು ನಲವತ್ತೇಳು ಮಾಡಿದ, ನಲವತ್ತೆಂಟು ಮಾಡಿದ. ಪ್ರತಿ ಸಲವೂ "ಇದೇ ಕೊನೆ" ಎನ್ನುತ್ತಿದ್ದ. ಐವತ್ತೊಂದಕ್ಕೆ ಬಂದು ಎಲ್ಲರಿಗೂ ಸಾರಿದ. ಆಮೇಲೆ ಅವನೇ ಇಲ್ಲವಾದ. ಅದಕ್ಕೆ ಹನ್ನೊಂದು ತಿಂಗಳಾಗಿತ್ತು.

ಅವನ ಅಂಗಿಗಳನ್ನು ಕೊಟ್ಟಾಗಿತ್ತು. ಬೈಕು ಯಾರದೋ ಮನೆಯ ಮುಂದೆ ನಿಂತಿತ್ತು. ಅವನು ಕೈಯಾರೆ ಹೊಂದಿಸಿದ್ದು ಎಂದು ಉಳಿದಿದ್ದವು ಈ ಪೆಟ್ಟಿಗೆಯೊಳಗಿನ ನಾಲ್ಕಾರು ಅಂಕಿಗಳು ಮಾತ್ರ. ಭಾವ ಒಂದು ಕೀ ಒತ್ತಿದರೆ ಅವೂ ಹೋಗುತ್ತಿದ್ದವು.

"ಅದು ಬೀಳದ ಹಾಗೆ ನಾನು ಮಾಡಿದರೆ?" ಎಂದೆ.

ಭಾವ ಷರತ್ತು ಹಾಕಿದರು. "ಪೂರ್ತಿ ಭಾರ ಹಾಕಿ ಒಂದು ಗಂಟೆ ಓಡಿಸ್ಬೇಕು. ನನ್ನ ಗಡಿಯಾರದಲ್ಲಿ. ಬೀಳದೆ ನಿಂತರೆ ನಾನು ಆ ಮಾತೇ ಎತ್ತಲ್ಲ. ಬಿದ್ದರೆ ಕಾರಿನ ಡಿಕ್ಕಿಗೆ."

"ಆಯ್ತು ಭಾವ."

ಪಕ್ಕದಲ್ಲಿ ಹುರುಳಿಕಾಯಿ ಬಿಡಿಸುತ್ತಿದ್ದ ಅತ್ತೆ ತಲೆಯೆತ್ತಲಿಲ್ಲ. "ತಗೊಂಡು ಹೋದ್ರೆ ಹೋಗ್ಲಿ ಬಿಡು. ಹಾಳು ಪೆಟ್ಟಿಗೆ. ನನ್ನ ಮಗನ ನಿದ್ದೆ ತಿಂದಿದ್ದೇ ಅದು."

*

ನನ್ನ ಕೆಲಸ ಬೀಜ ಪರೀಕ್ಷಾಲಯದಲ್ಲಿ. ತಟ್ಟೆಗೆ ನೂರು ಬೀಜ, ಕೆಳಗೆ ಒದ್ದೆ ಕಾಗದ, ಮೇಲೆ ಮುಚ್ಚಳ. ಏಳನೆಯ ದಿನ ಮೊಳಕೆ ಎಣಿಸುತ್ತೇವೆ. ಅಲ್ಲಿ ಮೊದಲು ಕಲಿಸುವ ಪಾಠ, ಒಂದು ಸಲಕ್ಕೆ ಒಂದನ್ನೇ ಬದಲಿಸು. ನೀರನ್ನೂ ಬೆಳಕನ್ನೂ ಒಟ್ಟಿಗೆ ಬದಲಿಸಿದರೆ ಮೊಳಕೆ ಯಾವುದರಿಂದ ಬಂತೆಂದು ಬೀಜವೇನೂ ಬಾಯಿಬಿಟ್ಟು ಹೇಳುವುದಿಲ್ಲ.

ಸೋಮವಾರ ಸಂಜೆ ಒಂದು ಹಾಳೆಗೆ ಗೆರೆ ಎಳೆದು ಕೂತೆ. ಪ್ರೊಸೆಸರಿಗೆ ಬಿಡುವಿಲ್ಲದೆ ಲೆಕ್ಕ ಕೊಟ್ಟು ದಣಿಸುವ ಪ್ರೋಗ್ರಾಂ ಒಂದಿದೆ. ಅದನ್ನು ಓಡಿಸಿದೆ. ಐವತ್ತೊಂದರಲ್ಲಿ ನಾಲ್ಕು ನಿಮಿಷಕ್ಕೆ ಬಿತ್ತು. ಕಂಪ್ಯೂಟರ್ ಶುರುವಾಗುವಾಗ ಡಿಲೀಟ್ ಕೀ ಬಡಿಯುತ್ತಿದ್ದರೆ ಬಯೋಸ್ ಎಂಬ ಒಳಗಿನ ಸೆಟ್ಟಿಂಗ್ ಪುಟ ತೆರೆದುಕೊಳ್ಳುತ್ತದೆ. ವೇಗ ಇರುವುದು ಅಲ್ಲಿ. ಆ ಕೀಲಿಮಣೆಯಲ್ಲಿ ಡಿಲೀಟ್ ಕೀ ಮೇಲೆ ಕೆಂಪಗೆ ಒಂದು ಚುಕ್ಕೆ ಇತ್ತು. ಇನ್ನೊಂದು ಕೀ ಮೇಲೆ ಎರಡು, ಮತ್ತೊಂದರ ಮೇಲೆ ಮೂರು. ಅವನು ಏನೋ ಚೆಲ್ಲಿಕೊಂಡಿರಬೇಕು ಎಂದುಕೊಂಡಿದ್ದೆ.

ವೇಗವನ್ನು ಒಂದೇ ಮೆಟ್ಟಿಲು ಇಳಿಸಿ ಐವತ್ತು ಮಾಡಿದೆ. ಪೂರ್ತಿ ಒಂದು ಗಂಟೆ ಬೀಳದೆ ನಿಂತಿತು.

"ನಿಂತಿತು ಅತ್ತೆ" ಎಂದೆ, ಊಟಕ್ಕೆ ಕೂರುವಾಗ.

"ಏನು?"

"ಕಂಪ್ಯೂಟರ್."

"ಅದೇನು, ಮೊದಲು ಓಡಾಡ್ತಿತ್ತಾ?"

ಒಂದು ಸಲ ನಿಂತರೆ ಸಾಲದು, ಖಚಿತವಾಗಬೇಕು. ಮಂಗಳವಾರ ಸಂಜೆ ಏನನ್ನೂ ಮುಟ್ಟದೆ ಅದೇ ಪರೀಕ್ಷೆ ಓಡಿಸಿದೆ. ಐದು ನಿಮಿಷಕ್ಕೆ ಬಿತ್ತು.

ಬಿಸಿ ಕಾರಣವಿರಬಹುದು ಎನಿಸಿತು. ಪೆಟ್ಟಿಗೆಯ ಪಕ್ಕದ ತಗಡು ಬಿಚ್ಚಿ ಫ್ಯಾನಿನ ಧೂಳು ತೆಗೆದೆ. ಪ್ರೊಸೆಸರ್ ಮೇಲೆ ಒಣಗಿದ್ದ, ಬಿಸಿಯನ್ನು ಫ್ಯಾನಿನ ಕಡೆಗೆ ದಾಟಿಸುವ ಪೇಸ್ಟನ್ನು ಒರೆಸಿ, ಹೊಸದನ್ನು ಬಟಾಣಿಯಷ್ಟು ಹಚ್ಚಿದೆ. ಅತ್ತೆ ಬಾಗಿಲಿಗೊರಗಿ ನೋಡುತ್ತಿದ್ದರು.

"ಕಟ್ಟಿಕೊಂಡವನಿಗೂ ಇಷ್ಟು ಆರೈಕೆ ಮಾಡಿರ್ಲಿಲ್ಲ ನೀನು."

"ಅವನು ಬಿಚ್ಚೋಕೆ ಬಿಡ್ತಿರ್ಲಿಲ್ಲ."

ಅತ್ತೆ ನಗು ತಡೆದುಕೊಂಡು ಒಳಗೆ ಹೋದರು. ಕಂಪ್ಯೂಟರ್ ಆರು ನಿಮಿಷಕ್ಕೆ ಬಿತ್ತು.

ಬುಧವಾರ ಫ್ರಿಜ್ಜಿನೊಡನೆ ಒಂದೇ ಪ್ಲಗ್ಗಿನಲ್ಲಿದ್ದ ವೈರನ್ನು ಬೇರೆ ಮಾಡಿದೆ. ಐದು ನಿಮಿಷ. ಹಾಳೆಯನ್ನು ಎದುರಿಗಿಟ್ಟುಕೊಂಡು ನೋಡಿದೆ. ಸೋಮವಾರ ಪೂರ್ತಿ ಒಂದು ಗಂಟೆ ನಿಂತದ್ದು ಮಂಗಳವಾರದಿಂದ ಐದಾರು ನಿಮಿಷಕ್ಕೇ ಬೀಳುತ್ತಿತ್ತು. ತಟ್ಟೆಯ ಬೀಜ ಹೀಗೆ ಮಾಡಿದ್ದರೆ ಪರೀಕ್ಷಾಲಯದಲ್ಲಿ ಬೀಜವನ್ನು ಬೈಯುತ್ತಿರಲಿಲ್ಲ. ತಟ್ಟೆ ಮುಟ್ಟಿದ್ದು ಯಾರು ಎಂದು ಕೇಳುತ್ತಿದ್ದರು.

ಗುರುವಾರ ಬಯೋಸ್ ತೆರೆದು ನೋಡಿದೆ. ಐವತ್ತೊಂದು.

ಸೋಮವಾರ ನಾನೇ ಐವತ್ತು ಮಾಡಿದ್ದೆ. ಯಾರೋ ಅದನ್ನು ಮತ್ತೆ ಅವನ ಅಂಕಿಗೇ ತಂದಿಟ್ಟಿದ್ದರು. ಒಂದು ಗಳಿಗೆ ಅವನೇ ಬಂದಿದ್ದನೇ ಎನಿಸಿತು. ಆಮೇಲೆ ಯೋಚಿಸಿದೆ. ಬದುಕಿದ್ದಷ್ಟು ಕಾಲ ಒಂದು ಟವೆಲನ್ನೂ ಅದರ ಜಾಗಕ್ಕೆ ಮರಳಿಸದ ಮನುಷ್ಯ, ಹೋದ ಮೇಲೆ ಬಂದು ಎಲ್ಲವನ್ನೂ ಇದ್ದ ಹಾಗೆ ಜೋಡಿಸಿಡುತ್ತಾನೆಯೇ? ಅವನಂತೂ ಅಲ್ಲ.

ಮನೆಯಲ್ಲಿ ಇದ್ದವರು ಇಬ್ಬರು. ಅದರಲ್ಲಿ ಒಬ್ಬಳು ನಾನು.

ಮತ್ತೆ ಐವತ್ತು ಮಾಡಿದೆ. ಪರೀಕ್ಷೆ ಓಡಿಸಿದೆ, ಒಂದು ಗಂಟೆ ನಿಂತಿತು. ಪರೀಕ್ಷಾಲಯದಲ್ಲಿ ಮುಚ್ಚಳ ಮತ್ತು ತಟ್ಟೆ ಎರಡಕ್ಕೂ ಸೇರಿಸಿ ಪೆನ್ಸಿಲ್ ಗೆರೆ ಎಳೆಯುವುದು ನಮ್ಮ ರೂಢಿ. ಯಾರಾದರೂ ತೆರೆದರೆ ಗೆರೆ ಕೂಡುವುದಿಲ್ಲ. ಕುರ್ಚಿಯ ಚಕ್ರಕ್ಕೂ ನೆಲಕ್ಕೂ ಸೇರಿಸಿ ಹಾಗೊಂದು ಗೆರೆ ಎಳೆದೆ. ಶುಕ್ರವಾರ ಸಂಜೆ ಬಂದು ನೋಡಿದರೆ ನೆಲದ ಗೆರೆ ಒಂದು ಕಡೆ, ಚಕ್ರ ಒಂದು ಕಡೆ. ಬಯೋಸ್ ಐವತ್ತೊಂದು ಎನ್ನುತ್ತಿತ್ತು. ಅತ್ತೆ ಹೊರಗೆ ಗಿಡಗಳಿಗೆ ನೀರು ಹಾಕುತ್ತಿದ್ದರು, ಏನೂ ಅರಿಯದವರ ಹಾಗೆ.

*

ಶನಿವಾರ ಹನ್ನೊಂದಕ್ಕೇ ಮನೆಗೆ ಬಂದೆ. ಬೀಗವನ್ನು ಸದ್ದಿಲ್ಲದೆ ತೆಗೆದೆ. ಒಳಗಿನ ಕೋಣೆಯಿಂದ ಅತ್ತೆಯ ದನಿ ಕೇಳಿಸಿತು.

"ಇಳಿಸು, ಇಳಿಸು ರಾಣೀನ. ಎಷ್ಟು ಹೊತ್ತು ಬಚ್ಚಿಟ್ಕೋತೀಯಾ ನೋಡೋಣ."

ಅತ್ತೆ ಎರಡು ದಿಂಬುಗಳ ಮೇಲೆ ಕೂತು ಇಸ್ಪೀಟು ಆಡುತ್ತಿದ್ದರು. ಕನ್ನಡಕ ಮೂಗಿನ ತುದಿಯಲ್ಲಿತ್ತು. ಎದುರಾಳಿ ಕಂಪ್ಯೂಟರೇ. ಪರದೆಯ ಮೂಲೆಯಲ್ಲಿ ಆಟಗಾರನೆಂದು ನನ್ನ ಗಂಡನ ಹೆಸರೇ ಇತ್ತು. ನಾನು ಬಾಗಿಲ ಹತ್ತಿರವೇ ನಿಂತೆ. ಎರಡು ನಿಮಿಷವಾಗಿರಬೇಕು, ಪರದೆ ನೀಲಿಯಾಯಿತು.

"ಹ್ಞಾಂ, ಸರಿಯಾದ ಹೊತ್ತಿಗೆ ಬಿತ್ತು" ಎಂದು ಅತ್ತೆ ತೃಪ್ತಿಯಿಂದ ಬೆರಳು ಚಟಚಟ ಮುರಿದರು. ಆಮೇಲೆ ಒಂದು ಚುಕ್ಕೆಯ ಕೀಯನ್ನು ಬಡಿದರು. ಬಯೋಸ್ ತೆರೆಯಿತು. ಎರಡು ಚುಕ್ಕೆ, ಎಂಟರ್. ಮೂರು ಚುಕ್ಕೆ, ಎಂಟರ್. ಯಾವುದನ್ನೂ ಓದಲಿಲ್ಲ. ಕುಕ್ಕರಿನ ಮುಚ್ಚಳ ಹಾಕುವವರ ಹಾಗೆ ಕೈ ತಾನಾಗಿ ಹೋಗುತ್ತಿತ್ತು.

ಎರಡು ಚುಕ್ಕೆಯ ಕೀ, ಹಿಂದೆ ಉಳಿಸಿಟ್ಟ ಅಂಕಿಗಳನ್ನು ವಾಪಸು ತರುವ ಕೀ. ಮೂರು ಚುಕ್ಕೆಯದು ಅವನ್ನೇ ಖಾಯಂ ಮಾಡಿ ಹೊರಬರುವ ಕೀ. ಉಳಿಸಿಟ್ಟವುಗಳ ಪಟ್ಟಿಯಲ್ಲಿ ಮೊದಲನೆಯದು ಐವತ್ತೊಂದು. ನಾನು ಸಂಜೆ ಬದಲಿಸಿದ್ದನ್ನು ಅತ್ತೆ ಬೆಳಿಗ್ಗೆ ಅಳಿಸುತ್ತಿದ್ದರು.

"ಯಾರು ಹೇಳಿಕೊಟ್ರು ಅತ್ತೆ?"

ಅತ್ತೆ ಬೆಚ್ಚಿಬಿದ್ದರು. ಆದರೆ ದಿಂಬಿನಿಂದ ಇಳಿಯಲಿಲ್ಲ. ಸಿಕ್ಕಿಬಿದ್ದ ಮೇಲೆ ಗತ್ತು ಬಿಡಬಾರದು ಎನ್ನುವುದು ಈ ಮನೆಯವರ ರಕ್ತದಲ್ಲಿದೆ.

"ಇನ್ಯಾರು ಹೇಳಿಕೊಡ್ತಾರೆ? ನಿನ್ನ ಗಂಡ. ಒಂದು ದಿನ ಆಡ್ತಾ ಇದ್ದಾಗ ಬಿತ್ತು. ಅಮ್ಮ, ಈ ಮೂರು ಒತ್ತು, ಸರಿಯಾಗುತ್ತೆ ಅಂದ. ಅವತ್ತಿಂದ ದಿನಾ ಒತ್ತೇ ಶುರು ಮಾಡೋದು."

"ದಿನಾನಾ?"

"ಕಂಪ್ಯೂಟರ್ ಶುರು ಮಾಡೋದೇ ಹಾಗಲ್ವಾ?"

"ಅಲ್ಲ."

"ಮತ್ತೆ ನೀನು ಹೇಗೆ ಮಾಡ್ತೀಯಾ?"

"ಗುಂಡಿ ಒತ್ತಿ ಸುಮ್ನೆ ಕೂತ್ಕೋತೀನಿ."

"ಅದಕ್ಕೇ ನಿಂದು ಬೀಳೋದು."

ನಾನು ಪಕ್ಕದ ಮಂಚದ ಮೇಲೆ ಕೂತೆ. "ಹಾಳು ಪೆಟ್ಟಿಗೆ ಅಂದಿದ್ರಿ."

"ಅಂದೆ. ಮಗ ಹೋದ ಮನೇಲಿ ಮುದುಕಿ ಇಸ್ಪೀಟಾಡ್ತಾಳೆ ಅನ್ನಿಸ್ಕೋಬೇಕಾ?" ಅತ್ತೆ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದರು. "ಆ ಚುಕ್ಕೆ ನಿನ್ನ ನೇಲ್ ಪಾಲಿಶ್‌ದು. ಹೇಳ್ಬೇಡ ಅಂದಿದ್ದ."

ಆ ಸೀಸೆಯನ್ನು ನನ್ನ ತಂಗಿ ಎತ್ತಿಕೊಂಡಳೆಂದು ನಾನು ಅವಳೊಡನೆ ಒಂದು ವಾರ ಮಾತು ಬಿಟ್ಟಿದ್ದೆ.

ನಡೆದದ್ದನ್ನು ಅತ್ತೆಗೆ ವಿವರಿಸಿದೆ. ನಾಳೆ ಒಂದು ಗಂಟೆ ನಿಲ್ಲದಿದ್ದರೆ ಭಾವ ಒಯ್ಯುತ್ತಾರೆ, ಐವತ್ತೊಂದರಲ್ಲಿ ಅದು ನಿಲ್ಲುವುದಿಲ್ಲ, ಇನ್ನು ಚುಕ್ಕೆ ಒತ್ತಬಾರದು ಎಂದೆ. ಅತ್ತೆ ಎಲ್ಲವನ್ನೂ ಕೇಳಿಸಿಕೊಂಡರು.

"ಹಾಗಾದ್ರೆ ಅವನು ತಪ್ಪು ಹೇಳಿಕೊಟ್ಟ ಅಂತೀಯಾ?"

ಅತ್ತೆಯನ್ನು ಬದಲಿಸುವುದು ಆಗದ ಮಾತು. ಬದಲಿಸಬಹುದಾದದ್ದು ಪಟ್ಟಿ. ಮೊದಲನೆಯ ಜಾಗದಲ್ಲಿ ನನ್ನ ಐವತ್ತನ್ನು ಇಟ್ಟರೆ ಅತ್ತೆ ಎಷ್ಟು ಚುಕ್ಕೆ ಒತ್ತಿದರೂ ಬರುವುದು ಐವತ್ತೇ.

ಪಟ್ಟಿಯಲ್ಲಿ ಎಂಟು ಜಾಗ. ಒಂದೇ ವೇಗವನ್ನು ವೋಲ್ಟೇಜ್ ಬದಲಿಸಿ ಎರಡು ಸಲ ಉಳಿಸಿದ್ದೂ ಇತ್ತು. ಎಂಟಕ್ಕೂ ಅವನು ಹೆಸರಿಟ್ಟಿದ್ದ. ಮೊದಲನೆಯದು "ಇದೇ ಕೊನೆ". ಎರಡನೆಯದೂ "ಇದೇ ಕೊನೆ". ಹಾಗೇ ಏಳರವರೆಗೆ. ಎಂಟನೆಯದು ನಲವತ್ತೇಳು, ಅವನ ಮೊಟ್ಟಮೊದಲ ಮೆಟ್ಟಿಲು. ಅದರ ಹೆಸರು "ಸುಮ್ಮನೆ ನೋಡೋಣ".

"ಜಾಗ ಖಾಲಿ ಇಲ್ಲ ಅತ್ತೆ. ಐವತ್ತೊಂದನ್ನ ಉಳಿಸಿ ನಂದನ್ನ ಇಡ್ಬೇಕು ಅಂದ್ರೆ ಒಂದನ್ನ ಅಳಿಸ್ಬೇಕು."

ಅತ್ತೆ ಪರದೆಗೆ ಮುಖ ಹತ್ತಿರ ತಂದು ಒಂದೊಂದನ್ನೇ ಬೆರಳಿಟ್ಟು ನೋಡಿದರು. ಬೆರಳು ಎಂಟರ ಮೇಲೆ ನಿಂತಿತು. "ಇದನ್ನ ಅಳಿಸು. ಇದು ಮಾಡಿದ ದಿನ ಅವನಿಗೆ ಹೆದರಿಕೆ ಇತ್ತು. ನನ್ನ ಕೈ ಹಿಡ್ಕೊಂಡು ಒತ್ತಿಸಿದ್ದ, ಸುಟ್ರೆ ನೀನೇ ಸುಟ್ಟೆ ಅಂತೀನಿ ಅಂತ."

ಐವತ್ತೊಂದನ್ನು ಎಂಟನೆಯ ಜಾಗಕ್ಕೆ ಸರಿಸಿದೆ. ಮೊದಲನೆಯದರಲ್ಲಿ ಐವತ್ತನ್ನು ಉಳಿಸಿದೆ. ಕಂಪ್ಯೂಟರ್ ಹೆಸರು ಕೇಳಿತು. ಎರಡು ಹೆಸರು ಬರೆದು ಅಳಿಸಿದೆ. ಕೊನೆಗೆ "ಅತ್ತೆಯದು" ಎಂದು ಹಾಕಿದೆ.

*

ಭಾನುವಾರ ನಾಲ್ಕಕ್ಕೆ ಭಾವ ಬಂದರು. ಕೈಯಲ್ಲಿ ಟಾರ್ಚು, ಜೇಬಿನಲ್ಲಿ ಚಿಕ್ಕ ಪುಸ್ತಕ. ಕಾರಿನ ಡಿಕ್ಕಿಯಲ್ಲಿ ಹಳೆಯ ಕಂಬಳಿ ಹಾಸಿಯೇ ಬಂದಿದ್ದರು. ಪರೀಕ್ಷೆ ಶುರು ಮಾಡಿದೆ. ಫ್ಯಾನು ಜೋರಾಗಿ ಕೂಗತೊಡಗಿತು. ಭಾವ ಸ್ಟೂಲಿನ ಮೇಲೆ ಕೂತು ಐದೈದು ನಿಮಿಷಕ್ಕೂ ಏನೋ ಬರೆದುಕೊಂಡರು.

ಇಪ್ಪತ್ತನೆಯ ನಿಮಿಷದಲ್ಲಿ ಪೆಟ್ಟಿಗೆಯ ಮೇಲೆ ಕೈಯಿಟ್ಟು ನೋಡಿದರು. "ಬಿಸಿ ಇದೆ."

"ಗಂಟೆಗಟ್ಟಲೆ ಲೆಕ್ಕ ಮಾಡಿಸಿದ್ರೆ ನಿನ್ನ ತಲೆನೂ ಬಿಸಿ ಆಗುತ್ತಪ್ಪ" ಎಂದರು ಅತ್ತೆ.

ನಲವತ್ತನೆಯ ನಿಮಿಷದಲ್ಲಿ ಪರದೆಯ ಅಂಕಿಯನ್ನು ಓದಿದರು. "ಇದು ಐವತ್ತು. ಅವನು ನನಗೆ ಐವತ್ತೊಂದು ಅಂದಿದ್ದ."

ನನ್ನ ಬಾಯಿ ಒಣಗಿತು. ಅತ್ತೆಯ ಬಾಯಿ ಒಣಗಲಿಲ್ಲ.

"ಅವನು ಯಾವತ್ತು ಒಂದು ಸೇರಿಸ್ದೆ ಹೇಳಿದ್ದಾನೋ? ಅಂಕಪಟ್ಟಿ ಮರ್ತುಬಿಟ್ಯಾ? ಪಾಸಾಗಿದ್ದೇ ಮೂವತ್ತೈದಕ್ಕೆ, ಊರಿಗೆಲ್ಲ ಮೂವತ್ತಾರು ಅಂದ್ಕೊಂಡು ಬಂದ."

ಭಾವನ ತುಟಿ ಒಂದಿಷ್ಟು ಅಲುಗಿತು. ತಲೆ ತಗ್ಗಿಸಿ ಪುಸ್ತಕದಲ್ಲಿ ಬರೆದುಕೊಂಡರು. ಆ ಗಂಟೆಯಲ್ಲಿ ಯಾರೂ ಅವನ ಹೆಸರು ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ.

ಐದಾಯಿತು. ಕಂಪ್ಯೂಟರ್ ಬೀಳದೆ ನಿಂತೇ ಇತ್ತು. ಭಾವ ಗಡಿಯಾರವನ್ನು ಎರಡು ಸಲ ನೋಡಿ, "ಇನ್ನೊಂದು ಇದೆ" ಎಂದರು. "ಪೂರ್ತಿ ಆರಿಸಿ ಮತ್ತೆ ಶುರು ಮಾಡ್ಬೇಕು. ನಿಲ್ಲಿಸಿದ ಲಿಫ್ಟು ಮತ್ತೆ ಏಳ್ಬೇಕಲ್ಲ."

ಆರಿಸಿದೆ. ನಾನು ಗುಂಡಿ ಒತ್ತುವುದರೊಳಗೆ ಅತ್ತೆ ಎದ್ದು ಬಂದು ನನ್ನನ್ನು ಪಕ್ಕಕ್ಕೆ ಸರಿಸಿದರು. ಹಾಳು ಪೆಟ್ಟಿಗೆ ಎಂದದ್ದು, ಕದ್ದು ಆಡಿದ್ದು ಎಲ್ಲ ಮರೆತುಹೋಗಿರಬೇಕು. ಒಂದು ಚುಕ್ಕೆ. ಎರಡು ಚುಕ್ಕೆ, ಎಂಟರ್. ಮೂರು ಚುಕ್ಕೆ, ಎಂಟರ್. ಭಾವ ಸ್ಟೂಲಿನಿಂದ ಎದ್ದು ನಿಂತು ನೋಡಿದರು. ಕಂಪ್ಯೂಟರ್ ಎದ್ದಿತು. ಐವತ್ತು.

"ಅಮ್ಮ, ಇದನ್ನ ಯಾವಾಗ ಕಲಿತೆ?"

"ಕಲೀದೆ ಇದ್ರೆ ಬದುಕೋದು ಹೇಗೋ?"

ಭಾವ ನನ್ನ ಕಡೆ ತಿರುಗಿದರು. "ಶುರು ಮಾಡೋಕೆ ಒಂದು ಕ್ರಮ ಅಂತ ಇದೆಯಲ್ಲಮ್ಮ. ಇದೊಂದು ಒಳ್ಳೇದು. ಬರೆದು ಗೋಡೆಗೆ ಅಂಟಿಸಿ." ಕಂಬಳಿ ಹಾಸಿದ ಡಿಕ್ಕಿಯನ್ನು ಖಾಲಿಯೇ ಮುಚ್ಚಿಕೊಂಡು ಹೊರಟುಹೋದರು.

*

ಒಂದು ವಾರ ಕಂಪ್ಯೂಟರ್ ಒಮ್ಮೆಯೂ ಬೀಳಲಿಲ್ಲ. ಎಂಟನೆಯ ದಿನ ಅತ್ತೆ ತಟ್ಟೆ ಸರಿಸಿ ಮುಖ ಊದಿಸಿಕೊಂಡು ಕೂತರು.

"ಏನಾಯ್ತು ಅತ್ತೆ?"

"ದಿನಾ ಸೋಲ್ತಾ ಇದ್ದೀನಿ."

"ಮೊದಲು ಸೋಲ್ತಿರ್ಲಿಲ್ವಾ?"

"ಮೊದಲು ಸೋಲೋ ಹೊತ್ತಿಗೆ ಬೀಳ್ತಿತ್ತು. ಬಿದ್ದ ಆಟ ಲೆಕ್ಕಕ್ಕಿಲ್ಲ ಅಂದಿದ್ದ ಅವನು. ನೀನು ರಿಪೇರಿ ಮಾಡಿದ್ದೇ ಮಾಡಿದ್ದು, ನನ್ನ ಆಟ ಕೆಡ್ತು."

ಮರುದಿನ ಕೆಲಸದಿಂದ ಬರುವಾಗ ನೇಲ್ ಪಾಲಿಶ್‌ನ ಒಂದು ಸೀಸೆ ತಂದೆ. ಪಟ್ಟಿಯಲ್ಲಿ ಎಂಟನೆಯ ಜಾಗಕ್ಕೆ ನೇರವಾಗಿ ಹಾರಿಸುವ ಕೀ ಒಂದಿದೆ. ಅದರ ಮೇಲೆ ನಾಲ್ಕು ಚುಕ್ಕೆ ಇಟ್ಟೆ. ಎರಡು ಚುಕ್ಕೆ ಒತ್ತಿದ ಮೇಲೆ ಇದನ್ನೊತ್ತಿದರೆ ಐವತ್ತೊಂದು ಬರುತ್ತದೆ ಎಂದೆ. ಅದೃಷ್ಟ ಸರಿಯಿಲ್ಲ ಎನಿಸಿದ ದಿನ ಮಾತ್ರ ಒತ್ತಬೇಕು ಎಂದೂ ಹೇಳಿದೆ. ಒಣಗಲಿ ಎಂದು ಅತ್ತೆ ಅದಕ್ಕೆ ಊದುತ್ತ ಕೂತರು.

ಗೆರೆ ಎಳೆದ ನನ್ನ ಹಾಳೆ ಕಂಪ್ಯೂಟರಿನ ಪಕ್ಕದಲ್ಲೇ ಇತ್ತು. ಬುಧವಾರ ಸಂಜೆ ನೋಡಿದಾಗ ಕೆಳಗಿನ ಖಾಲಿ ಸಾಲಿನಲ್ಲಿ ಅತ್ತೆಯ ದಪ್ಪ ಅಕ್ಷರಗಳಿದ್ದವು.

"ಹನ್ನೊಂದೂ ಇಪ್ಪತ್ತಕ್ಕೆ ಬಿತ್ತು. ನಾನೇ ಗೆಲ್ಲುತ್ತಿದ್ದೆ."